ಕಣ್ಣಿನ ಪಥ್ಯ

ಬೆಂಗಳೂರಿನಿಂದ ಮಾಗಡಿಗೆ ಹೋಗುವ ದಾರಿಯಲ್ಲಿ ಕಾಮಾಕ್ಷಿಪಾಳ್ಯ, ಸುಮನಹಳ್ಳಿ, ಕೊಟ್ಟಿಗೆಪಾಳ್ಯಗಳನ್ನು ದಾಟಿದ ಮೇಲೆ ಸಿಕ್ಕುವುದು ನಮ್ಮ ಸುಂಕದಕಟ್ಟೆ. ಸರಕು ಹೊತ್ತು ಬಂದವರು ನಿಂತು ಸುಂಕ ತೆತ್ತು ಮುಂದೆ ಹೋಗಬೇಕಾಗಿದ್ದ ಸ್ಥಳವೆಂದು ಹೆಸರೇ ಹೇಳುತ್ತದೆ. ಇದೇ ರಸ್ತೆಯಲ್ಲಿ ಊರಿಗೆ ಇನ್ನಷ್ಟು ಹತ್ತಿರದಲ್ಲಿ ಟೋಲ್‌ಗೇಟ್ ಎಂಬ ಇನ್ನೊಂದು ಸ್ಥಳವೂ ಇದೆ. ಮಾಗಡಿ ಕಡೆಯ ಗಾಡಿಗಳು ಪಾಪ ಎಷ್ಟು ಬಾರಿ ಗಂಟು ಬಿಚ್ಚಿರಬೇಕೋ! ೨೦೦೭ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹುಟ್ಟಿ ಸುತ್ತಲಿನ ನಗರಸಭೆಗಳೂ ಹಳ್ಳಿಗಳೂ ಪಟ್ಟಣದೊಳಗೆ ಸೇರಿಹೋದ ಕಾಲಕ್ಕಾಗಲೇ ಇಲ್ಲಿ ಹೊಲಗಳು ಉಳಿದಿರಲಿಲ್ಲ. ಸಣ್ಣ ಕಾರ್ಖಾನೆಗಳು, ಗಾರ್ಮೆಂಟ್ಸುಗಳು, ಒಂದರ ಮೇಲೊಂದು ಅಂತಸ್ತಿನ ಬಾಡಿಗೆ ಮನೆಗಳು, ಪ್ರತಿ ಮನೆಯ ನೆತ್ತಿಯ ಮೇಲೂ ಒಂದೊಂದು ಕರಿಯ ನೀರಿನ ಟ್ಯಾಂಕು. ಈ ಟ್ಯಾಂಕಿನ ಮಾತು ಮುಂದೆ ಬರುವುದಿದೆ, ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ಸಂಜೆ ಮುಖ್ಯರಸ್ತೆಗೆ ಬಂದಾಗ ಕನ್ನಡಕದ ಅಂಗಡಿಗಳ ಮುಂದೆ ನಿಂತು ನೋಡುವುದು ನನ್ನದೊಂದು ಚಪಲ. ಕೆಲವು ವರ್ಷಗಳಿಂದ ಆ ಅಂಗಡಿಗಳಿಗೆ ಬರುವ ಹುಡುಗ ಹುಡುಗಿಯರು ಕನ್ನಡಕ ಕೇಳುವುದು ಕಡಿಮೆಯಾಗಿ ಲೆನ್ಸು ಕೇಳುವುದು ಹೆಚ್ಚಾಗಿದೆ. ಮದುವೆಯ ಮಾತುಕತೆ ನಡೆದಿರುವ ಹುಡುಗಿಗೆ ದಪ್ಪ ಕನ್ನಡಕ ಕಂಡರೆ ಗಂಡಿನ ಕಡೆಯವರು ಹಿಂಜರಿಯುತ್ತಾರೆಂಬ ಭಯ. ಬೈಕಿನಲ್ಲಿ ಹೆಲ್ಮೆಟ್ ಹಾಕುವ ಹುಡುಗನಿಗೆ ಕನ್ನಡಕದ ಕಡ್ಡಿ ಒತ್ತುತ್ತದೆಂಬ ತೊಂದರೆ. ಅಂಗಡಿಯವನು ಒಂದು ಜೊತೆ ಲೆನ್ಸು, ಒಂದು ಸೀಸೆ ಸಲ್ಯೂಷನ್, ಎರಡು ಗುಳಿಯ ಒಂದು ಪ್ಲಾಸ್ಟಿಕ್ ಡಬ್ಬಿ, ಹತ್ತು ಮಡಿಕೆಯ ಒಂದು ಇಂಗ್ಲಿಷ್ ಕಾಗದ, ಇಷ್ಟನ್ನು ಚೀಲಕ್ಕೆ ಹಾಕಿ ಕೊಡುತ್ತಾನೆ. ಕಾಗದವನ್ನು ಬಿಡಿಸಿ ಓದಿದವರನ್ನು ನಾನಂತೂ ಕಂಡಿಲ್ಲ.

ಆ ಕಾಗದವನ್ನು ನಾನು ಒಮ್ಮೆ ಕೇಳಿ ತಂದು ಭೂತಗನ್ನಡಿ ಹಿಡಿದು ಪೂರ್ತಿ ಓದಿದೆ. ಓದಿದ ಮೇಲೆ ಇದರ ಹಿಂದಿನ ಕತೆಯೇನೆಂದು ಹುಡುಕುವ ಹುಚ್ಚು ಹತ್ತಿತು. ಈ ವಸ್ತುವಿಗೆ ಎರಡು ಚರಿತ್ರೆಗಳಿವೆ ಎಂಬುದು ಆಗ ನನ್ನ ಅರಿವಿಗೆ ಬಂದದ್ದು. ಒಂದು, ಅದನ್ನು ಮಾಡಿದವರದು. ಅದು ಪುಸ್ತಕಗಳಲ್ಲಿ ಸಿಕ್ಕುತ್ತದೆ. ಇನ್ನೊಂದು, ಅದನ್ನು ದಿನವೂ ತೊಳೆದವರದು, ತೊಳೆಯದೆ ಬಿಟ್ಟವರದು; ಅದು ನಡೆದದ್ದು ಜನರ ಬಚ್ಚಲುಮನೆಗಳಲ್ಲಿ, ಮಲಗುವ ಕೋಣೆಗಳಲ್ಲಿ. ಕಣ್ಣು ಉಳಿದದ್ದೂ ಹೋದದ್ದೂ ಬಹುಮಟ್ಟಿಗೆ ಈ ಎರಡನೆಯ ಚರಿತ್ರೆಯಲ್ಲಿ.

ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಕನ್ನಡನಾಡಿಗೆ ಕನ್ನಡಕ ಹೊಸದಲ್ಲ. ಕೃಷ್ಣದೇವರಾಯನ ಕಾಲದಲ್ಲಿ ವ್ಯಾಸರಾಯರು ಕಣ್ಣಿಗೆ ಸುಲೋಚನ ಧರಿಸಿ ಗ್ರಂಥ ಓದುತ್ತಿದ್ದ ಚಿತ್ರ ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಲ್ಲಿ ಬರುವುದನ್ನು ವಿದ್ವಾಂಸ ಪಿ. ಕೆ. ಗೋಡೆಯವರು ತೋರಿಸಿಕೊಟ್ಟಿದ್ದಾರೆ. ಅಂಥ ಗಾಜನ್ನು ಮೂಗಿನ ಮೇಲಿನಿಂದ ತೆಗೆದು ಕಣ್ಣುಗುಡ್ಡೆಯ ಮೇಲೆಯೇ ಕೂಡಿಸುವ ಧೈರ್ಯ ಬರಲು ಇನ್ನೂ ಸುಮಾರು ಮುನ್ನೂರೈವತ್ತು ವರ್ಷ ಬೇಕಾಯಿತು. ೧೮೮೮ರಲ್ಲಿ ಜ್ಯೂರಿಚ್ ನಗರದ ಕಣ್ಣಿನ ವೈದ್ಯ ಅಡಾಲ್ಫ್ ಫಿಕ್ ಇಡೀ ಬಿಳಿಗುಡ್ಡೆಯನ್ನೇ ಮುಚ್ಚುವಷ್ಟು ದೊಡ್ಡ ಗಾಜಿನ ಚಿಪ್ಪನ್ನು ಮೊದಲು ಮೊಲಗಳಿಗೆ, ಆಮೇಲೆ ತನಗೆ ತಾನೇ ಹಾಕಿಕೊಂಡು ನೋಡಿದ. ಚಿಪ್ಪಿಗೂ ಕಣ್ಣಿಗೂ ನಡುವೆ ದ್ರಾಕ್ಷಿಸಕ್ಕರೆಯ ದ್ರಾವಣ ತುಂಬಿದ. ಎರಡು ಗಂಟೆ ಕಳೆಯುವುದರೊಳಗೆ ತೆಗೆಯಬೇಕಾಗುತ್ತಿತ್ತು. ಮರುವರ್ಷ ಕೀಲ್ ನಗರದಲ್ಲಿ ಆಗಸ್ಟ್ ಮ್ಯುಲ್ಲರ್ ಎಂಬ ವಿದ್ಯಾರ್ಥಿ, ತನಗೇ ವಿಪರೀತ ಸಮೀಪದೃಷ್ಟಿ ಇದ್ದುದರಿಂದ, ಇದೇ ಸಾಹಸ ಮಾಡಿದ. ಉರಿ ತಾಳಲು ಕೊಕೇನ್ ಹಾಕಿಕೊಂಡರೂ ಅರ್ಧ ಗಂಟೆ ಕಳೆಯುವುದು ಕಷ್ಟವಾಯಿತು.

ಅವರಿಗಾದ ತೊಂದರೆಯ ಮೂಲ ಗಾಜಿನ ಗಡಸು ಒಂದೇ ಅಲ್ಲ. ಕಣ್ಣಿನ ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪಟಲಕ್ಕೆ ಕಾರ್ನಿಯಾ ಎನ್ನುತ್ತಾರೆ. ಅದರಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ಅದರ ಮೂಲಕ ನಾವು ಜಗತ್ತನ್ನು ಕಾಣಲಾಗುತ್ತಿರಲಿಲ್ಲ. ರಕ್ತವಿಲ್ಲದ ಮೇಲೆ ಉಸಿರು ಎಲ್ಲಿಂದ? ಹೊರಗಿನ ಗಾಳಿಯಿಂದ, ಕಣ್ಣೀರಿನ ಮೂಲಕ. ಕಣ್ಣೀರು ಬರಿಯ ಉಪ್ಪುನೀರೂ ಅಲ್ಲ. ಅದರಲ್ಲಿರುವ ಲೈಸೋಜೈಮ್ ಎಂಬ ವಸ್ತು ಕ್ರಿಮಿಗಳನ್ನು ಒಡೆದುಹಾಕುತ್ತದೆಂದು ಮುಂದೆ ಪೆನಿಸಿಲಿನ್ ಕಂಡ ಅಲೆಕ್ಸಾಂಡರ್ ಫ್ಲೆಮಿಂಗ್ ೧೯೨೨ರಲ್ಲಿಯೇ ಪ್ರಕಟಿಸಿದ್ದರು. ರೆಪ್ಪೆ ಮಿಟುಕಿದಾಗಲೆಲ್ಲ ಈ ನೀರು ಕಣ್ಣನ್ನು ಸಾರಿಸುತ್ತದೆ. ಇಂಥ ವ್ಯವಸ್ಥೆಯ ನಡುವೆ ಒಂದು ಬಿಲ್ಲೆಯನ್ನು ತಂದು ಕೂಡಿಸಿದರೆ ಗಾಳಿಗೂ ಅಡ್ಡಿ, ಸಾರಣೆಗೂ ಅಡ್ಡಿ.

೧೯೪೮ರ ಸುಮಾರಿಗೆ ಅಮೆರಿಕದ ಕೆವಿನ್ ಟುಯೋಹಿ ಕಾರ್ನಿಯಾವನ್ನಷ್ಟೇ ಮುಚ್ಚುವ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆಯನ್ನು ಮಾಡಿದ. ಅದು ನೀರು ಕುಡಿಯದ ಜಾತಿ. ಒರೆಸಿದರೆ ಒರೆಸಿದಂತೆ ಇರುತ್ತಿತ್ತು. ಅದನ್ನು ಹಾಕಿಕೊಳ್ಳುತ್ತಿದ್ದ ಎಷ್ಟೋ ಜನ ಬಾಯಲ್ಲಿಟ್ಟು ಎಂಜಲಿನಲ್ಲಿ ನೆನೆಸಿ ಕಣ್ಣಿಗೆ ಹಾಕಿಕೊಳ್ಳುತ್ತಿದ್ದರಂತೆ. ಎಂಜಲಿನ ವಿಷಯದಲ್ಲಿ ನಾವು ಅತಿಯಾಗಿ ಮಾಡುತ್ತೇವೆಂದು ಹಾಸ್ಯ ಮಾಡುವವರು ಇದೊಂದನ್ನು ಕೇಳಿಸಿಕೊಳ್ಳಬೇಕು.

ಲೆನ್ಸು ಕೇವಲ ಅಲಂಕಾರದ ವಸ್ತು ಎಂದು ಮೂಗು ಮುರಿಯುವ ಹಿರಿಯರು ನಮ್ಮಲ್ಲಿ ಇದ್ದಾರೆ. ಅವರಿಗಾಗಿ ಇಲ್ಲಿ ಒಂದು ಮಾತು. ೧೮೯೬ರಲ್ಲಿ ಚಿಕ್ಕದಾಗಿ ಹುಟ್ಟಿ ೧೯೧೩ರಲ್ಲಿ ಈಗಿನ ಕಟ್ಟಡಕ್ಕೆ ಬಂದ ನಮ್ಮ ಮಿಂಟೋ ಆಸ್ಪತ್ರೆಯಲ್ಲಾಗಲಿ, ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರಲ್ಲಿ ಹೂಡುತ್ತಿದ್ದ ಶಿಬಿರಗಳಲ್ಲಾಗಲಿ, ಪೊರೆ ತೆಗೆಸಿಕೊಂಡವರಿಗೆ ಆ ಕಾಲದಲ್ಲಿ ಸಿಕ್ಕುತ್ತಿದ್ದುದು ಸೀಸೆಯ ತಳದಂಥ ದಪ್ಪ ಕನ್ನಡಕ. ಮೋದಿಯವರು ಒಂದೇ ದಿನದಲ್ಲಿ ೮೩೩ ಪೊರೆ ಚಿಕಿತ್ಸೆಗಳನ್ನು ಮಾಡಿ ಗಿನ್ನೆಸ್ ದಾಖಲೆಗೆ ಸೇರಿದವರು. ರಾಜಾಜಿನಗರದ ಕಡೆ ಅವರ ಹೆಸರಿನ ಆಸ್ಪತ್ರೆಯೂ ರಸ್ತೆಯೂ ಇವೆ. ಕಣ್ಣಿನೊಳಗೇ ಕೃತಕ ಮಸೂರ ಇಡುವುದು ಬಳಕೆಗೆ ಬರುವ ಮುಂಚೆ, ಒಂದು ಕಣ್ಣಿಗೆ ಮಾತ್ರ ಚಿಕಿತ್ಸೆಯಾದವನಿಗೆ ಆ ಕನ್ನಡಕ ಹಾಕಿದರೆ ಒಂದು ಕಣ್ಣಿಗೆ ಎಮ್ಮೆ ಎಮ್ಮೆಯಷ್ಟು, ಇನ್ನೊಂದಕ್ಕೆ ಆನೆಯಷ್ಟು. ಅಂಥವನಿಗೆ ಕಣ್ಣಿಗೆ ಅಂಟಿ ಕೂರುವ ಲೆನ್ಸು ಶೋಕಿಯಾಗಿರಲಿಲ್ಲ. ಕಾರ್ನಿಯಾ ಶಂಕುವಿನಂತೆ ಚೂಪಾಗುವ ರೋಗದವರಿಗೆ ಇಂದಿಗೂ ಲೆನ್ಸೇ ಮುಖ್ಯ ಆಸರೆ.

ಅದಂತಿರಲಿ. ಮೆತ್ತನೆಯ ಲೆನ್ಸಿನ ಕತೆ ಶುರುವಾಗುವುದು ಝೆಕ್ ನಾಡಿನಲ್ಲಿ, ಒಂದು ರೈಲುಗಾಡಿಯಲ್ಲಿ. ೧೯೫೨ರಲ್ಲಿ ಒಟ್ಟೋ ವಿಖ್ಟರ್ಲೆ ಎಂಬ ರಸಾಯನಶಾಸ್ತ್ರಜ್ಞರು ಪ್ರಾಗ್ ನಗರಕ್ಕೆ ಹೋಗುತ್ತಿದ್ದಾಗ, ಪಕ್ಕದಲ್ಲಿ ಕುಳಿತವರು ಕಣ್ಣಿನ ಗುಳಿಗೆ ಲೋಹದ ಬಿಂಬ ಕೂಡಿಸುವ ವಿಷಯದ ಲೇಖನ ಓದುತ್ತಿದ್ದರು. ಲೋಹಕ್ಕಿಂತ ಮೈಗೆ ಒಗ್ಗುವ ಪ್ಲಾಸ್ಟಿಕ್ ಮೇಲಲ್ಲವೆ ಎಂದು ವಿಖ್ಟರ್ಲೆ ಮಾತಿಗೆ ತೊಡಗಿದರು. ಆ ಮಾತೇ ಬೆಳೆದು, ಅವರೂ ಅವರ ಶಿಷ್ಯ ದ್ರಾಹೋಸ್ಲಾವ್ ಲೀಮ್‌ರೂ ಸೇರಿ ನೀರನ್ನು ಹೀರಿ ಮೆತ್ತಗಾಗುವ ಒಂದು ಪಾರದರ್ಶಕ ಜೆಲ್ಲನ್ನು ಮಾಡಿದರು. ನೂರಕ್ಕೆ ಸುಮಾರು ೩೮ ಭಾಗ ನೀರೇ. ಒಣಗಿದರೆ ಹಪ್ಪಳ, ನೆನೆದರೆ ತಾಟಿನುಂಗಿನ ತಿರುಳು.

೧೯೫೮ರಲ್ಲಿ ರಾಜಕೀಯ ಕಾರಣಗಳಿಂದ ವಿಖ್ಟರ್ಲೆಯವರನ್ನು ಅವರ ವಿದ್ಯಾಸಂಸ್ಥೆಯಿಂದ ಹೊರಹಾಕಿದರು. ಬೇರೊಂದು ಸಂಶೋಧನಾಲಯ ಸಿಕ್ಕಿತಾದರೂ ಲೆನ್ಸಿನ ಕೆಲಸಕ್ಕೆ ಮೇಲಿನವರ ಬೆಂಬಲ ಉಳಿಯಲಿಲ್ಲ. ೧೯೬೧ರ ಕ್ರಿಸ್‌ಮಸ್ ದಿನಗಳಲ್ಲಿ, ಮನೆಯ ಅಡಿಗೆಮನೆಯ ಮೇಜಿನ ಮೇಲೆ, ಮಕ್ಕಳು ಜೋಡಿಸಿ ಆಡುವ ‘ಮೆರ್ಕುರ್’ ಎಂಬ ಲೋಹದ ಆಟಿಕೆಯ ಪಟ್ಟಿಗಳಿಂದ ಅವರು ಒಂದು ಯಂತ್ರ ಕಟ್ಟಿದರು. ಅದನ್ನು ತಿರುಗಿಸಿದ್ದು ಬೈಸಿಕಲ್ಲಿನ ಡೈನಮೊ. ಮಜ್ಜಿಗೆ ಕಡೆಯುವಾಗ ಮಡಕೆಯಲ್ಲಿ ನಡು ತಗ್ಗಿ ಅಂಚು ಏರುವುದನ್ನು ಯಾರು ನೋಡಿಲ್ಲ? ತಿರುಗುವ ಪುಟ್ಟ ಅಚ್ಚಿನಲ್ಲಿ ದ್ರವವೂ ಹಾಗೆಯೇ ಬಟ್ಟಲಿನ ಆಕಾರ ತಳೆದು ಅಲ್ಲಿಯೇ ಗಟ್ಟಿಯಾಯಿತು. ಆ ಮಧ್ಯಾಹ್ನ ನಾಲ್ಕು ಲೆನ್ಸುಗಳು ಸಿದ್ಧವಾದವು. ಮುಂದಿನ ಕೆಲವು ತಿಂಗಳುಗಳಲ್ಲಿ ಇಂಥ ಮನೆಗೆಲಸದ ಯಂತ್ರಗಳಿಂದ, ಪತ್ನಿಯ ನೆರವಿನೊಡನೆ, ಸಾವಿರಗಟ್ಟಲೆ ಲೆನ್ಸುಗಳನ್ನು ಅವರು ತೆಗೆದರು.

ಹಣ ಯಾರಿಗೆ ಸೇರಿತೆಂದರೆ, ಅವರಿಗಲ್ಲ. ೧೯೬೫ರಲ್ಲಿ ಅಲ್ಲಿನ ಸರ್ಕಾರಿ ವ್ಯವಸ್ಥೆ ಪೇಟೆಂಟನ್ನು ಅಮೆರಿಕದ ಒಂದು ಸಂಸ್ಥೆಗೆ ಕೊಟ್ಟಿತು. ಅದರಿಂದ ರಾಚೆಸ್ಟರಿನ ಬಾಶ್ ಅಂಡ್ ಲಾಂಬ್ ಕಂಪನಿಗೆ ಹಕ್ಕು ಸಿಕ್ಕಿತು. ೧೯೬೮ರ ಪ್ರಾಗ್ ವಸಂತದ ಕಾಲದಲ್ಲಿ ಸುಧಾರಣೆಯ ಮನವಿಗೆ ಸಹಿ ಹಾಕಿದ್ದಕ್ಕಾಗಿ ವಿಖ್ಟರ್ಲೆ ಸಂಶೋಧನಾಲಯದ ಅಧಿಕಾರವನ್ನೂ ಕಳೆದುಕೊಂಡರು. ೧೯೮೯ರ ಬದಲಾವಣೆಯ ಅನಂತರ ಅವರನ್ನು ದೇಶದ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರನ್ನಾಗಿ ಮಾಡಿದರು, ೧೯೯೮ರಲ್ಲಿ ತೀರಿಕೊಂಡರು. ಆಕಾಶದಲ್ಲಿ ಒಂದು ಕ್ಷುದ್ರಗ್ರಹಕ್ಕೆ ಅವರ ಹೆಸರಿದೆ. ಕೋಟಿಗಟ್ಟಲೆ ಕಣ್ಣುಗಳ ಮೇಲೆ ಕೂರುವ ವಸ್ತುವನ್ನು ಮಾಡಿದವರಿಗೆ ಒಂದು ಬಂಡೆಗಲ್ಲು ದಕ್ಕಿತು.

ಇಲ್ಲಿಂದ ಎರಡನೆಯ ಚರಿತ್ರೆ. ನೀರು ಕುಡಿಯುವ ಲೆನ್ಸು ನೀರಿನೊಡನೆ ಬೇರೆಯದನ್ನೂ ಕುಡಿಯುತ್ತದೆ. ಇದನ್ನು ಅಮೆರಿಕದ ಔಷಧ ನಿಯಂತ್ರಣದವರು ಬೇಗ ಕಂಡುಕೊಂಡರು. ಲೆನ್ಸನ್ನು ಒಂದು ಔಷಧದಂತೆ ಪರಿಗಣಿಸಿ ಪರೀಕ್ಷೆಗೊಳಪಡಿಸಿದ ಮೇಲೆಯೇ ೧೯೭೧ರ ಮಾರ್ಚಿಯಲ್ಲಿ ಮಾರಲು ಒಪ್ಪಿಗೆ ಕೊಟ್ಟರು. ಆಗಿನ ಕಟ್ಟಳೆ ಎಂದರೆ ಲೆನ್ಸನ್ನು ದಿನವೂ ರಾತ್ರಿ ಕಾಯಿಸಬೇಕು. ಅದಕ್ಕೊಂದು ವಿದ್ಯುತ್ ಪೆಟ್ಟಿಗೆ. ನೆನೆಹಾಕುವ ಉಪ್ಪುನೀರನ್ನು ಉಪ್ಪಿನ ಗುಳಿಗೆ ಕರಗಿಸಿ ಮನೆಯಲ್ಲೇ ಮಾಡಿಕೊಳ್ಳಬೇಕು. ಕಾಯಿಸಿದಂತೆಲ್ಲ ಕಣ್ಣೀರಿನ ಪ್ರೋಟೀನು ಲೆನ್ಸಿನ ಮೇಲೆ ಹಾಲಿನ ಕೆನೆಯಂತೆ ಕಟ್ಟಿ ಹಳದಿಯಾಗುತ್ತಿತ್ತು. ಅದನ್ನು ಕರಗಿಸಲು ಇನ್ನೊಂದು ಗುಳಿಗೆ. ಅದರೊಳಗಿದ್ದುದು ಪಪೇನ್, ಅಂದರೆ ಪರಂಗಿಕಾಯಿಯ ಹಾಲಿನ ಸತ್ವ. ಮಾಂಸ ಬೇಗ ಬೇಯಲೆಂದು ನಮ್ಮ ಹೆಂಗಸರು ಪರಂಗಿಕಾಯಿಯ ಹೋಳನ್ನು ಹಾಕುತ್ತಾರಲ್ಲ, ಅದೇ ತತ್ತ್ವ.

ಒಬ್ಬ ಮನುಷ್ಯ ಸರಿಯಾಗಿ ಕಾಣುವುದಕ್ಕಾಗಿ ಪ್ರತಿರಾತ್ರಿ ಇಷ್ಟೊಂದು ಕೆಲಸ ಮಾಡುವನೆಂದು ಯಾರಾದರೂ ನಂಬಿದ್ದರೆ ಅವರು ಮನುಷ್ಯರನ್ನು ಅರಿತವರಲ್ಲ. ಎಣ್ಣೆ, ಕರಿದದ್ದು, ಹುಳಿ ಬೇಡವೆಂದು ಪಂಡಿತರು ಹೇಳಿದ ಪಥ್ಯವನ್ನು ನಾವು ಎಷ್ಟು ದಿನ ನಡೆಸುತ್ತೇವೆ? ನೋವಿರುವಷ್ಟು ದಿನ. ಲೆನ್ಸಿನ ಪಥ್ಯಕ್ಕೆ ಆ ಅಂಕುಶವೂ ಇಲ್ಲ. ತಪ್ಪಿದ ರಾತ್ರಿ ಏನೂ ಆಗುವುದಿಲ್ಲ, ಮರುರಾತ್ರಿಯೂ ಆಗುವುದಿಲ್ಲ. ಏನೂ ಆಗದಿರುವುದೇ ಅಭ್ಯಾಸವಾಗಿ ಗಟ್ಟಿಯಾಗುತ್ತದೆ.

ಹಾಗಾಗಿ ಮುಂದಿನ ನಲವತ್ತು ವರ್ಷ ಕಂಪನಿಗಳು ಮಾಡಿದ್ದೆಲ್ಲ ಈ ಪಥ್ಯವನ್ನು ಹಗುರ ಮಾಡುವ ಕೆಲಸ. ಕಾಯಿಸುವುದರ ಬದಲು ರಾಸಾಯನಿಕಗಳು ಬಂದವು. ಅವುಗಳಲ್ಲಿದ್ದ ಪಾದರಸದ ಸಂಯುಕ್ತ ಅನೇಕರ ಕಣ್ಣಿಗೆ ಒಗ್ಗದೆ ಕೆಂಪಾಯಿತು. ಹೈಡ್ರೋಜನ್ ಪೆರಾಕ್ಸೈಡ್ ಬಂತು. ಕ್ರಿಮಿಗಳಿಗೆ ಅದು ಯಮ, ಆದರೆ ಅದರ ಕಾವು ಇಳಿಯುವ ಮೊದಲೇ ಮರೆತು ಹಾಕಿಕೊಂಡರೆ ಕಣ್ಣಿಗೂ ಅಷ್ಟೆ. ೧೯೮೦ರ ದಶಕದ ಕೊನೆಗೆ ತೊಳೆಯುವುದು, ನೆನೆಸುವುದು, ಕ್ರಿಮಿ ಕೊಲ್ಲುವುದು ಮೂರನ್ನೂ ಒಂದೇ ಸೀಸೆಯಲ್ಲಿ ಮಾಡುವ ಸಲ್ಯೂಷನ್ ಬಂತು. ಈಗ ಸುಂಕದಕಟ್ಟೆಯ ಅಂಗಡಿಯಲ್ಲಿ ಸಿಕ್ಕುವುದು ಆ ಸಂತತಿಯದು.

ಈ ನಡುವೆ ಒಂದು ಹೊಸ ವೈರಿ ಬೆಳಕಿಗೆ ಬಂದಿತ್ತು. ೧೯೩೦ರಲ್ಲಿ ಇಟಲಿಯ ಕಾಸ್ಟೆಲ್ಲಾನಿ ಎಂಬ ವೈದ್ಯರು ಯೀಸ್ಟ್ ಬೆಳೆಸುತ್ತಿದ್ದ ಪಾತ್ರೆಯಲ್ಲಿ ಒಂದು ಅಮೀಬವನ್ನು ಕಂಡಿದ್ದರು. ಅಕಾಂತಮೀಬ ಎಂದು ಅದರ ಕುಲನಾಮ. ಮಣ್ಣಿನಲ್ಲಿ, ಕೆರೆಯಲ್ಲಿ, ನಲ್ಲಿಯಲ್ಲಿ, ಧೂಳಿನಲ್ಲಿ ಅದು ಇಲ್ಲದ ಸ್ಥಳವಿಲ್ಲ. ಕುಡಿದರೆ ನಮಗೇನೂ ಮಾಡದು. ಕಷ್ಟ ಬಂದಾಗ ಎರಡು ಗೋಡೆಯ ಕೋಶ ಕಟ್ಟಿಕೊಂಡು ಒಳಗೆ ಕೂತುಬಿಡುತ್ತದೆ; ನೀರಿಗೆ ಹಾಕುವ ಕ್ಲೋರಿನ್ ಆ ಗೋಡೆಯನ್ನು ದಾಟಲಾರದು. ೧೯೭೦ರ ದಶಕದ ಮೊದಲಲ್ಲಿ ಇದು ಕಾರ್ನಿಯಾವನ್ನು ತಿನ್ನಬಲ್ಲದೆಂದು ಮೊದಲ ಬಾರಿಗೆ ಗೊತ್ತಾಯಿತು. ೧೯೮೫–೮೬ರಲ್ಲಿ ಅಮೆರಿಕದಲ್ಲಿ ಇಂಥ ರೋಗಿಗಳು ಒಮ್ಮೆಲೇ ಹೆಚ್ಚಾದಾಗ ವಿಚಾರಿಸಿ ನೋಡಿದರೆ ಬಹುಪಾಲು ಜನ ಲೆನ್ಸು ಹಾಕುವವರು, ಉಪ್ಪಿನ ಗುಳಿಗೆ ಕರಗಿಸಿ ಮನೆಯಲ್ಲಿ ದ್ರಾವಣ ಮಾಡಿಕೊಳ್ಳುತ್ತಿದ್ದವರು. ನೀರು ನೋಡಲು ತಿಳಿಯಾಗಿತ್ತು. ಅಷ್ಟು ಸಾಲದಾಗಿತ್ತು.

ಇಂಗ್ಲೆಂಡಿನಲ್ಲಿ ಈ ಬೇನೆ ಅಮೆರಿಕಕ್ಕಿಂತ ಹೆಚ್ಚು ಕಾಣಿಸಿಕೊಂಡದ್ದೇಕೆಂದು ಅಲ್ಲಿನ ಸಂಶೋಧಕರು ಹುಡುಕಿಕೊಂಡು ಹೋಗಿ ೨೦೦೪ರಲ್ಲಿ ಪ್ರಕಟಿಸಿದ ಒಂದು ಅಂಶ ನನ್ನನ್ನು ಬೆಚ್ಚಿಸಿತು. ಅಲ್ಲಿಯ ಮನೆಗಳಲ್ಲಿ ಮಾಡಿನ ಕೆಳಗೆ ನೀರಿನ ತೊಟ್ಟಿ ಇಡುವ ಪದ್ಧತಿಯಿದೆ. ಬಚ್ಚಲಿಗೆ ಬರುವುದು ಆ ತೊಟ್ಟಿಯ ನೀರು. ರೋಗಿಗಳ ಮನೆಯ ನಲ್ಲಿಗಳಲ್ಲಿ ಹುಡುಕಿದಾಗ ಅಮೀಬ ಸಿಕ್ಕಿತು. ಕೆಲವರ ಕಣ್ಣಿನದೂ ನಲ್ಲಿಯದೂ ಒಂದೇ ತಳಿ. ನಿಂತ ನೀರಿನ ತೊಟ್ಟಿಯಲ್ಲಿ ಪಾಚಿ, ಪಾಚಿಯಲ್ಲಿ ಬ್ಯಾಕ್ಟೀರಿಯ, ಬ್ಯಾಕ್ಟೀರಿಯವನ್ನು ಮೇಯುವ ಅಮೀಬ.

ಈಗ ನಮ್ಮ ಸುಂಕದಕಟ್ಟೆಯ ನೆತ್ತಿಯ ಮೇಲಿನ ಕರಿಯ ಟ್ಯಾಂಕುಗಳನ್ನು ನೆನಪಿಗೆ ತಂದುಕೊಳ್ಳಿ. ೧೯೭೪ರಲ್ಲಿ ಬೆಂಗಳೂರಿಗೆ ಬಂದ ಕಾವೇರಿ ನೀರು ಇಂಥ ಅಂಚಿನ ಬಡಾವಣೆಗಳಿಗೆ ತಲುಪಲು ದಶಕಗಳೇ ಹಿಡಿದವು. ಬಂದ ಮೇಲೂ ದಿನ ಬಿಟ್ಟು ದಿನ. ಉಳಿದದ್ದಕ್ಕೆ ಕೊಳವೆಬಾವಿ, ಇಲ್ಲವೆ ಟ್ಯಾಂಕರು. ೨೦೨೪ರ ಬೇಸಗೆಯಲ್ಲಿ ಟ್ಯಾಂಕರಿಗಾಗಿ ಊರೆಲ್ಲ ಕಾದದ್ದನ್ನು ಯಾರೂ ಮರೆತಿಲ್ಲ. ಈ ಮೂರು ನೀರೂ ಸಂಪಿನಲ್ಲಿ ಕಲೆತು, ಪಂಪಿನಿಂದ ಮೇಲೇರಿ, ಬಿಸಿಲಿನಲ್ಲಿ ಕಾದು, ಬಚ್ಚಲಿಗೆ ಇಳಿಯುತ್ತದೆ. ಟ್ಯಾಂಕು ತೊಳೆಸುವುದು ಮನೆಯ ಮಾಲೀಕನಿಗೆ ನೆನಪಾದಾಗ.

ನಮ್ಮ ಬೀದಿಯಲ್ಲಿ ಬಾಡಿಗೆಗಿದ್ದ ಒಂದು ಕುಟುಂಬದ ಹುಡುಗಿ, ಗಾರ್ಮೆಂಟ್ಸಿನಲ್ಲಿ ಲೆಕ್ಕ ಬರೆಯುವವಳು, ಒಂದು ದಿನ ಬಲಗಣ್ಣಿಗೆ ಕರ್ಚೀಫು ಒತ್ತಿಕೊಂಡು ಬಂದಳು. ಬೆಳಕು ನೋಡಲಾರಳು, ನೋವು ತಲೆಗೆ ಏರಿತ್ತು. ಮೊದಲು ತೋರಿಸಿದ ಕಡೆ ಮಾಮೂಲು ಕಣ್ಣು ಕೆಂಪೆಂದು ಹನಿ ಕೊಟ್ಟಿದ್ದರು. ಎರಡು ವಾರ ಹಾಗೆಯೇ ಕಳೆದಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಕಾರ್ನಿಯಾವನ್ನು ಸ್ವಲ್ಪ ಕೆರೆದು ಪರೀಕ್ಷಿಸಿ ಅಮೀಬ ಎಂದರು. ಹಗಲು ರಾತ್ರಿ ಗಂಟೆಗೊಂದು ಸಲ ಹನಿ. ಅವಳ ತಾಯಿ ಅಲಾರಂ ಇಟ್ಟುಕೊಂಡು ರಾತ್ರಿಯೆಲ್ಲ ಎದ್ದು ಹಾಕಿದರು. ತಿಂಗಳುಗಳು ಹಿಡಿದವು. ಆ ಹನಿಗಳಲ್ಲಿ ಒಂದರ ಮೂಲವಸ್ತು ಈಜುಕೊಳ ಶುದ್ಧಿಮಾಡಲು ಬಳಸುವಂಥದು, ಲೆನ್ಸಿನ ಸಲ್ಯೂಷನ್ನಿನಲ್ಲಿಯೂ ಅತಿ ಕಡಿಮೆ ಪ್ರಮಾಣದಲ್ಲಿ ಇರುವಂಥದು.

ಸ್ವಲ್ಪ ವಾಸಿಯಾದ ಮೇಲೆ ನಾನು ಕೇಳಿದೆ: “ಲೆನ್ಸು ಯಾವುದರಲ್ಲಿ ತೊಳೀತಿದ್ದೆ ಮಗೂ?”

“ಸಲ್ಯೂಷನ್ ಖಾಲಿಯಾದಾಗ ನೀರಲ್ಲೇ, ಮೇಷ್ಟ್ರೇ. ನಲ್ಲಿ ನೀರಲ್ಲ, ಫಿಲ್ಟರ್ ನೀರು. ಕುಡಿಯೋಕೆ ಆಗೋ ನೀರು ಕಣ್ಣಿಗೆ ಆಗಲ್ವಾ?”

ಅವಳನ್ನು ಅಲಕ್ಷ್ಯದವಳೆಂದು ಹೇಗೆ ಕರೆಯುವುದು? ಅವಳು ತನಗೆ ತಿಳಿದ ಶುಚಿಯನ್ನು ನಿಷ್ಠೆಯಿಂದ ನಡೆಸಿದ್ದಳು. ನಮ್ಮಲ್ಲಿ ಮೈಲಿಗೆಯನ್ನು ಕಳೆಯುವುದು ನೀರು. ಸೂತಕ ಕಳೆಯುವುದು, ಎಂಜಲು ಕಳೆಯುವುದು, ಮಡಿಯುಡುವುದು ಎಲ್ಲವೂ ನೀರಿನಿಂದ. ನೀರು ತಾಗಿದರೇ ಮೈಲಿಗೆಯಾಗುವ ವಸ್ತು ಒಂದಿದೆಯೆಂದು ಅವಳಿಗೆ ಅಜ್ಜಿ ಹೇಳಿರಲಿಲ್ಲ, ಶಾಲೆಯಲ್ಲಿ ಹೇಳಿರಲಿಲ್ಲ, ಹತ್ತು ಮಡಿಕೆಯ ಕಾಗದ ಹೇಳಿತ್ತು, ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನ ಗಾತ್ರದ ಅಕ್ಷರದಲ್ಲಿ. ಕುಡಿದ ನೀರಿನ ಕ್ರಿಮಿಯನ್ನು ಜಠರದ ಆಮ್ಲ ನೋಡಿಕೊಳ್ಳುತ್ತದೆ. ಲೆನ್ಸಿನ ಕೆಳಗೆ ಆಮ್ಲವಿಲ್ಲ, ಕಣ್ಣೀರಿನ ಓಟವೂ ಮಂದ. ಅಲ್ಲಿ ಸಿಕ್ಕಿದ ಅಮೀಬಕ್ಕೆ ಬೆಚ್ಚಗಿನ ಮನೆ.

ನಮ್ಮ ದೇಶದಲ್ಲಿ ಈ ರೋಗ ಬಂದವರಲ್ಲಿ ಹೆಚ್ಚಿನವರು ಲೆನ್ಸು ಕಂಡೇ ಇಲ್ಲದವರು ಎಂಬುದನ್ನೂ ಹೇಳಬೇಕು. ಕೆಸರು ಸಿಡಿದ, ಪೈರಿನ ಗರಿ ಗೀರಿದ, ಕೊಳೆನೀರಿನಲ್ಲಿ ಮುಖ ತೊಳೆದ ರೈತಾಪಿ ಜನ ಅವರು. ಮಾಗಡಿಯ ಹೊಲದಲ್ಲಿ ಅಜ್ಜನಿಗೆ ಬರಬಹುದಾಗಿದ್ದ ಬೇನೆ ಸುಂಕದಕಟ್ಟೆಯ ಬಾಡಿಗೆ ಮನೆಯಲ್ಲಿ ಮೊಮ್ಮಗಳಿಗೆ ಬಂತು.

ನೀರಿನಷ್ಟೇ ದೊಡ್ಡ ಕಂಟಕ ನಿದ್ರೆ. ಲೆನ್ಸನ್ನು ರಾತ್ರಿಯೂ ತೆಗೆಯಬೇಕಾಗಿಲ್ಲವೆಂದರೆ ಎಷ್ಟು ಸುಖ! ೧೯೮೧ರಲ್ಲಿ ಅಮೆರಿಕದಲ್ಲಿ ಒಂದೇ ಸಮನೆ ಮೂವತ್ತು ದಿನ ಹಾಕಿಕೊಂಡಿರಬಹುದಾದ ಲೆನ್ಸಿಗೆ ಒಪ್ಪಿಗೆ ಸಿಕ್ಕಿತು. ಕಣ್ಣು ಮುಚ್ಚಿದಾಗ ಕಾರ್ನಿಯಾಕ್ಕೆ ಗಾಳಿ ಮೊದಲೇ ಕಡಿಮೆ. ಅದರ ಮೇಲೆ ಲೆನ್ಸಿನ ಕಂಬಳಿ. ೧೯೮೯ರಲ್ಲಿ ಪ್ರಕಟವಾದ ಅಧ್ಯಯನಗಳು ರಾತ್ರಿ ಹಾಕಿಕೊಂಡು ಮಲಗುವವರಲ್ಲಿ ಕಾರ್ನಿಯಾದ ಹುಣ್ಣಿನ ಅಪಾಯ ಹತ್ತರಿಂದ ಹದಿನೈದು ಪಟ್ಟು ಹೆಚ್ಚೆಂದು ತೋರಿಸಿದವು. ಅದೇ ವರ್ಷ ಮೂವತ್ತು ದಿನವನ್ನು ಏಳಕ್ಕೆ ಇಳಿಸಿದರು. ೧೯೯೯ರಲ್ಲಿ ಗಾಳಿಯನ್ನು ಚೆನ್ನಾಗಿ ಬಿಡುವ ಸಿಲಿಕೋನ್ ಬೆರೆತ ಲೆನ್ಸುಗಳು ಬಂದಾಗ ಇನ್ನು ಭಯವಿಲ್ಲವೆಂದುಕೊಂಡರು. ಕಾರ್ನಿಯಾದ ಉಸಿರು ಸುಧಾರಿಸಿತು. ಮಲಗಿದವರ ಹುಣ್ಣು ಮಾತ್ರ ನಿರೀಕ್ಷಿಸಿದಷ್ಟು ಕಡಿಮೆಯಾಗಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಹಾಸಿಗೆಗೆ ಬೀಳುವ ಹುಡುಗರಿರುವ ನಮ್ಮಂಥ ಊರಿನಲ್ಲಿ ಈ ಮಾತಿಗೆ ತೂಕ ಹೆಚ್ಚು.

ಪಥ್ಯ ಹಗುರ ಮಾಡುವ ಭರದಲ್ಲಿ ಕಂಪನಿಗಳು ಒಂದು ಹೆಜ್ಜೆ ಮುಂದೆ ಹೋದವು. ಅಂಗೈಯಲ್ಲಿಟ್ಟು ಬೆರಳಿನಿಂದ ಉಜ್ಜಬೇಕಾಗಿಲ್ಲ, ಸುಮ್ಮನೆ ನೆನೆಹಾಕಿದರೆ ಸಾಕು ಎಂಬ ಸಲ್ಯೂಷನ್ನುಗಳು ಬಂದವು. ಪಾತ್ರೆಯನ್ನು ಉಜ್ಜದೆ ಬರಿಯ ನೆನೆಹಾಕಿ ತೊಳೆದೆನೆಂದರೆ ನಮ್ಮ ಮನೆಗಳಲ್ಲಿ ಯಾರು ಒಪ್ಪುತ್ತಾರೆ? ೨೦೦೬ರ ಮೊದಲಲ್ಲಿ ಸಿಂಗಪುರದಿಂದ, ಹಾಂಗ್‌ಕಾಂಗಿನಿಂದ, ಅನಂತರ ಅಮೆರಿಕದಿಂದ ಫ್ಯುಸೇರಿಯಂ ಎಂಬ ಶಿಲೀಂಧ್ರ ಕಾರ್ನಿಯಾಕ್ಕೆ ಹತ್ತಿದ ಸುದ್ದಿ ಬಂತು. ಹೊಲದ ಮಣ್ಣಿನಲ್ಲಿ, ಗಿಡಗಳಲ್ಲಿ ಇರುವ ಬೂಷ್ಟು ಅದು. ಅಮೆರಿಕದಲ್ಲಿ ಖಚಿತವಾದ ರೋಗಿಗಳೇ ೧೬೪. ಎಲ್ಲ ದಾರಿಗಳೂ ಬಾಶ್ ಅಂಡ್ ಲಾಂಬ್ ಕಂಪನಿಯ ‘ರೆನ್ಯು ವಿತ್ ಮಾಯ್ಸ್ಚರ್‌ಲಾಕ್’ ಎಂಬ ಸಲ್ಯೂಷನ್ನಿನ ಕಡೆಗೆ ತೋರಿಸಿದವು. ಮೇ ತಿಂಗಳಲ್ಲಿ ಕಂಪನಿ ಅದನ್ನು ಲೋಕದ ಎಲ್ಲ ಮಾರುಕಟ್ಟೆಗಳಿಂದ ಹಿಂತೆಗೆದುಕೊಂಡಿತು. ಮರುವರ್ಷ, ೨೦೦೭ರ ಮೇ ತಿಂಗಳಲ್ಲಿ, ಬೇರೊಂದು ಕಂಪನಿಯ ಸಲ್ಯೂಷನ್ನು; ಈ ಸಲ ಅದೇ ಅಮೀಬ. ಪರೀಕ್ಷಾಲಯದಲ್ಲಿ ಸೀಸೆ ಶುದ್ಧವಾಗಿಯೇ ಇತ್ತು. ಮನೆಗಳ ಡಬ್ಬಿಗಳಲ್ಲಿ ನಿನ್ನೆಯ ಸಲ್ಯೂಷನ್ನಿನ ಮೇಲೆಯೇ ಇವತ್ತಿನದನ್ನು ಎರೆಯುವ ಉಳಿತಾಯಬುದ್ಧಿಯವರ ಕೈಯಲ್ಲಿ ಅದರ ಬಲ ಕುಂದುತ್ತದೆಂಬುದನ್ನು ಮಾಡಿದವರು ಸಾಕಷ್ಟು ಯೋಚಿಸಿರಲಿಲ್ಲ. ಆಮೇಲೆ ಎಲ್ಲರೂ ಮತ್ತೆ ಉಜ್ಜಿರಿ ಎನ್ನತೊಡಗಿದರು. ರೋಗಿಗಳು ಮಾತು ಕೇಳುವುದಿಲ್ಲವೆಂಬ ದೂರನ್ನು ನಾನು ಬಹಳ ಓದಿದ್ದೇನೆ. ಕೇಳಬೇಕಾಗಿಲ್ಲವೆಂದು ಹಣ ಕೊಟ್ಟು ಜಾಹೀರಾತು ಹಾಕಿಸಿದವರ ಮೇಲೆ ಅಷ್ಟು ದೂರು ಕಾಣಲಿಲ್ಲ.

ಕೇಳುವುದಿಲ್ಲವೆಂಬುದೂ ನಿಜವೇ. ೨೦೧೫ರಲ್ಲಿ ಅಮೆರಿಕದ ರೋಗನಿಯಂತ್ರಣ ಕೇಂದ್ರ ಅಲ್ಲಿಯ ಸುಮಾರು ೪ ಕೋಟಿ ಲೆನ್ಸುಧಾರಿಗಳ ವಿಷಯವಾಗಿ ವರದಿ ಕೊಟ್ಟಿತು. ವಿಚಾರಿಸಿದವರಲ್ಲಿ ನೂರಕ್ಕೆ ೯೯ ಜನ ಒಂದಲ್ಲ ಒಂದು ಅಪಾಯದ ಅಭ್ಯಾಸವನ್ನು ಒಪ್ಪಿಕೊಂಡರು. ಅರ್ಧಕ್ಕಿಂತ ಹೆಚ್ಚು ಜನ ಹಳೆಯದರ ಮೇಲೆ ಹೊಸ ಸಲ್ಯೂಷನ್ ಎರೆಯುವವರು. ಮೂರರಲ್ಲೊಂದು ಪಾಲು ನಲ್ಲಿ ನೀರಿನಲ್ಲಿ ತೊಳೆದವರು. ಡಬ್ಬಿಯನ್ನು ಹೇಳಿದ ಕಾಲಕ್ಕೆ ಬದಲಾಯಿಸದವರು ನೂರಕ್ಕೆ ಎಂಬತ್ತಕ್ಕೂ ಮೇಲೆ. ಇವರೆಲ್ಲ ಇಂಗ್ಲಿಷ್ ಬಲ್ಲವರೇ. ೧೮೪೭ರಲ್ಲಿ ವಿಯೆನ್ನಾದಲ್ಲಿ ಬಾಣಂತಿಯರ ಸಾವನ್ನು ತಡೆಯಲು ಕೈ ತೊಳೆದುಕೊಳ್ಳಿರೆಂದು ಹೇಳಿದ ಸೆಮ್ಮೆಲ್‌ವೈಸ್‌ರ ಮಾತನ್ನು ಕೇಳದವರು ರೋಗಿಗಳಲ್ಲ, ವೈದ್ಯರು. ಆದುದರಿಂದ ಭಾಷೆಯೊಂದರಿಂದಲೇ, ಓದೊಂದರಿಂದಲೇ ಇದು ತೀರುವ ವಿಷಯವಲ್ಲ. ಆದರೂ ನೂರರಲ್ಲಿ ಕೆಲವರಾದರೂ ಕಾರಣ ತಿಳಿದರೆ ನಡೆಯುತ್ತಾರೆ. “ನೀರು ತಾಗಿಸಬೇಡಿ” ಎಂಬ ಆಜ್ಞೆಗಿಂತ “ಮೇಲಿನ ಟ್ಯಾಂಕಿನಲ್ಲಿ ಹುಳವಿದೆ” ಎಂಬ ಮಾತು ನಮ್ಮ ಬೀದಿಯ ಹುಡುಗಿಯರಲ್ಲಿ ಹೆಚ್ಚು ಕೆಲಸ ಮಾಡಿದ್ದನ್ನು ನಾನೇ ಕಂಡಿದ್ದೇನೆ.

ಆ ಹುಡುಗಿಯ ಕಾರ್ನಿಯಾದ ನಡುವೆ ಬಿಳಿಯ ಕಲೆ ಉಳಿಯಿತು. ಕಲೆಯಾದ ಪಟಲವನ್ನು ತೆಗೆದು ಸತ್ತವರು ಕೊಟ್ಟ ಪಟಲವನ್ನು ಕೂಡಿಸಬೇಕು, ಅದಕ್ಕೆ ಕಾಯಬೇಕು. ಈ ಭಾಗದಲ್ಲಿ ಆ ವಿಷಯ ತಿಳಿಯದವರಿಲ್ಲ. ೧೯೮೨ರಲ್ಲಿ ಡಾ. ಕೆ. ಭುಜಂಗ ಶೆಟ್ಟರು ಸ್ಥಾಪಿಸಿದ ನಾರಾಯಣ ನೇತ್ರಾಲಯದಲ್ಲಿ ೧೯೯೪ರಲ್ಲಿ ಡಾ. ರಾಜ್‌ಕುಮಾರ್ ಹೆಸರಿನ ನೇತ್ರಬ್ಯಾಂಕು ಆರಂಭವಾಯಿತು. ೨೦೦೬ರ ಏಪ್ರಿಲ್ ೧೨ರಂದು ಆ ಮಹಾನಟನೇ ತೀರಿಕೊಂಡಾಗ ಅವರ ಕಣ್ಣುಗಳೂ, ೨೦೨೧ರ ಅಕ್ಟೋಬರ್ ೨೯ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳೂ ದಾನವಾದವು. ಪುನೀತರ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ಕು ಜನಕ್ಕೆ ಹಾಕಿದರು. ನಮ್ಮ ಬಸ್‌ಸ್ಟಾಪಿನ ಬಳಿ ಅವರ ಚಿತ್ರವಿಟ್ಟು ಹುಡುಗರು ನೇತ್ರದಾನದ ಪತ್ರ ತುಂಬಿಸಿದ್ದನ್ನು ಕಂಡಿದ್ದೇನೆ. ಹಾಗೆ ಸಿಕ್ಕುವ ಒಂದೊಂದು ಪಟಲಕ್ಕೂ ಹುಟ್ಟುಕುರುಡು ಮಗುವೋ ಕಬ್ಬಿನ ಗರಿ ಗೀರಿದ ಕೂಲಿಯೋ ಕಾಯುತ್ತಿರುತ್ತಾರೆ. ಅದೇ ಸಾಲಿನಲ್ಲಿ ಲೆನ್ಸಿನಿಂದ ಕಣ್ಣು ಕೆಡಿಸಿಕೊಂಡವರೂ ಬಂದು ನಿಲ್ಲುತ್ತಾರೆ.

ಇಷ್ಟೆಲ್ಲಕ್ಕೂ ಪರಿಹಾರವೆಂದು ೧೯೯೦ರ ದಶಕದ ನಡುವೆ ಒಂದು ವಸ್ತು ಹುಟ್ಟಿದೆ: ಬೆಳಗ್ಗೆ ಹಾಕಿ ರಾತ್ರಿ ಬಿಸಾಡುವ ಲೆನ್ಸು. ತೊಳೆಯುವುದಿಲ್ಲ, ಡಬ್ಬಿಯಿಲ್ಲ, ಸಲ್ಯೂಷನ್ನಿಲ್ಲ. ಕೈಯನ್ನು ಸೋಪಿನಿಂದ ತೊಳೆದು ಚೆನ್ನಾಗಿ ಒರೆಸಿಕೊಂಡು ಹಾಕಿಕೊಂಡರೆ, ತೆಗೆದು ಎಸೆದರೆ, ಪಥ್ಯ ಮುಗಿಯಿತು. ತಿಂಗಳ ಖರ್ಚು ಹೆಚ್ಚೆಂಬುದೊಂದೇ ಕುಂದು. ಆದರೆ ನಮ್ಮದು ಹಳೆಯ ಪಂಚೆ ಕೈಒರೆಸುವ ಬಟ್ಟೆಯಾಗಿ, ಆಮೇಲೆ ನೆಲ ಒರೆಸುವ ಬಟ್ಟೆಯಾಗುವವರೆಗೂ ಬಿಸಾಡದ ಜನ. ಮೊನ್ನೆ ಅಂಗಡಿಯ ಹುಡುಗನನ್ನು ಕೇಳಿದೆ, ದಿನಕ್ಕೊಂದರ ಲೆನ್ಸು ಹೋಗುತ್ತದೆಯೇ ಎಂದು.

“ಹೋಗುತ್ತೆ ಸಾರ್. ಮೂವತ್ತರ ಪ್ಯಾಕು ತಗೊಂಡೋರು ಮೂರು ತಿಂಗಳು ಬಿಟ್ಟು ಬರ್ತಾರೆ.”